ನೀಟ್ ಪ್ರಶ್ನೆಪತ್ರಿಕೆ: ಕನ್ನಡವೋ, ಇಂಗ್ಲಿಷೋ?

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಡಾಕ್ಟರ್ ಆಗಬೇಕು ಅಂತಿರುವ ಮಕ್ಕಳಿಗೆ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಅರ್ಜಿ ತುಂಬುವಾಗಲೇ ಈ ಗೊಂದಲ ಶುರುವಾಗುತ್ತದೆ.

ಕನ್ನಡ ಆರಿಸಿದರೆ ಸಿಗುವುದು ಬರೀ ಕನ್ನಡ ಪತ್ರಿಕೆಯಲ್ಲ, ಪ್ರತಿ ಪ್ರಶ್ನೆಯೂ ಎರಡೂ ಭಾಷೆಯಲ್ಲಿರುತ್ತದೆ. ಹೇಳಿಕೆ-ಕಾರಣದಂಥ ಉದ್ದನೆಯ ಪ್ರಶ್ನೆಯಲ್ಲಿ ಇಂಗ್ಲಿಷ್ ವಾಕ್ಯ ತಲೆಗೆ ಹೋಗದಿದ್ದರೆ ಪಕ್ಕದ ಕನ್ನಡ ಕೈಹಿಡಿಯುತ್ತದೆ. ಅರ್ಥದಲ್ಲಿ ವ್ಯತ್ಯಾಸ ಬಂದರೆ ಮಾತ್ರ ಇಂಗ್ಲಿಷಿನಲ್ಲಿರುವ ಪ್ರಶ್ನೆಯೇ ಅಂತಿಮ.

ಇಂಗ್ಲಿಷ್ ಆರಿಸಿದರೆ ಆ ಆಸರೆ ಇಲ್ಲ. ಆದರೆ ಪಿಯುಸಿ, ಕೋಚಿಂಗ್, ಮಾದರಿ ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲೇ ಆಗಿದ್ದರೆ ಓದಿದ ಪದಗಳೇ ಕಣ್ಣಿಗೆ ಬೀಳುತ್ತವೆ. ವೇಗ ಜಾಸ್ತಿ. ಮುಂದೆ ಎಂಬಿಬಿಎಸ್ ಪಾಠವೂ ಇಂಗ್ಲಿಷಿನಲ್ಲೇ ಅಲ್ವಾ?

ಒಂದು ಭಯವನ್ನಂತೂ ಬಿಟ್ಟುಬಿಡಿ. ಇಂಗ್ಲಿಷಿನಲ್ಲಿ ಬರೆದರೆ ಕರ್ನಾಟಕದ ಸರ್ಕಾರಿ ಕೋಟಾ ಸೀಟುಗಳಲ್ಲಿರುವ ಶೇ. 5ರ ಕನ್ನಡ ಮಾಧ್ಯಮ ಮೀಸಲಾತಿ ತಪ್ಪಿಹೋಗುವುದಿಲ್ಲ. ಅದಕ್ಕೆ ನೋಡುವುದು 1ರಿಂದ 10ನೇ ತರಗತಿ ಓದಿದ ಮಾಧ್ಯಮವನ್ನು. ಶಾಲೆಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಇಂಗ್ಲಿಷ್ ಇನ್ನೂ ತೊಡಕು ಅನಿಸುವವರಿಗೆ ಕನ್ನಡವೇ ಸರಿ ಅಂತ ನನಗನಿಸುತ್ತದೆ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅನುಮಾನವಿದ್ದರೆ ಅರ್ಜಿಗೆ ಮೊದಲೇ ಗಡಿಯಾರ ಇಟ್ಟುಕೊಂಡು ಹಳೆಯ ಪತ್ರಿಕೆಗಳನ್ನು ಎರಡೂ ರೀತಿ ಬಿಡಿಸಿ ನೋಡಿ.