ಲೋಟಸ್ ಎಸ್ಪ್ರಿ ಟರ್ಬೊ: ಸ್ಟೀರಿಂಗ್‌ಗೆ ಪೂರ್ತಿ ಅಂಕ, ಪೆಟ್ರೋಲ್ ಟ್ಯಾಂಕಿಗೆ ಸೊನ್ನೆ

ಬ್ರಿಟನ್ನಿನ ಲೋಟಸ್ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು ಎಸ್ಪ್ರಿ ಟರ್ಬೊ ಅಂದರೆ ಎಲ್ಲರೂ ಮಾತಾಡುವುದು ಇಟಲಿಯ ವಿನ್ಯಾಸಕಾರ ಜುಜಿಯಾರೊ ರೂಪಿಸಿದ ಆ ಚೂಪು ಮೈಕಟ್ಟಿನ ಬಗ್ಗೆ. ವರ್ಷಗಟ್ಟಲೆ ಓಡಿಸಿದವರಿಗೆ ಅದರ ದೊಡ್ಡ ಸುಖ ಸ್ಟೀರಿಂಗಿನಲ್ಲಿದೆ. ಪವರ್ ಸ್ಟೀರಿಂಗ್ ಇಲ್ಲ, ಪಾರ್ಕ್ ಮಾಡುವಾಗ ತೋಳಿಗೆ ಒಳ್ಳೇ ಕೆಲಸ. ಹೊರಟಿತೋ, ಎಂಜಿನ್ ಸೀಟಿನ ಹಿಂದಿರುವುದರಿಂದ ಮುಂದಿನ ಚಕ್ರಗಳು ಹಗುರ. ಲೋಟಸ್ ಕಾರ್ಖಾನೆಯಿರುವ ಹೆಥೆಲ್ ಸುತ್ತಲಿನ ನಾರ್ಫಕ್ ಹಳ್ಳಿದಾರಿಗಳ ಡಾಂಬರಿನ ತೇಪೆಯೂ ಬೆರಳಿಗೆ ತಿಳಿಯುತ್ತದೆ. ಲೋಟಸ್ ಕಟ್ಟಿದ ಕಾಲಿನ್ ಚಾಪ್‌ಮನ್ ತೂಕ ಇಳಿಸಲು ಅಷ್ಟು ಹಟ ಹಿಡಿದದ್ದು ಯಾಕೆಂದು ಮೊದಲ ತಿರುವಿನಲ್ಲೇ ಅರ್ಥವಾಗುತ್ತದೆ.

ಬೆಳಗಿನ ಕ್ರಮವೂ ಚೆಂದ. ಕೀ ತಿರುಗಿಸಿ ಸುಮ್ಮನಿರಿ. ಪೆಟ್ರೋಲ್ ಪಂಪಿನ ಸದ್ದು ಆಲಿಸಿ. ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರ್ ತುಂಬಿದೊಡನೆ ಆ ಸದ್ದು ಬದಲಾಗುತ್ತದೆ. ಆಮೇಲೆ ಆಕ್ಸಿಲರೇಟರ್ ಎರಡು ಸಲ ಪೂರ್ತಿ ಒತ್ತಿದರೆ ಜೋಡಿ ಡೆಲ್ಲಾರ್ಟೊ ಕಾರ್ಬುರೇಟರುಗಳು ಪೆಟ್ರೋಲ್ ಚಿಮ್ಮಿಸುತ್ತವೆ. ಆಗ ಸ್ಟಾರ್ಟ್ ಮಾಡಿ. ಎಂಜಿನ್ ನೀರಿನ ಬಿಸಿ ತೋರಿಸುವ ಮುಳ್ಳು 80 ಡಿಗ್ರಿಗೆ ಬಂದಾಗಲೂ ಆಯಿಲ್ ಇನ್ನೂ ತಣ್ಣಗೇ ಇರುತ್ತದೆ, ಇನ್ನೊಂದಷ್ಟು ದೂರ ಟರ್ಬೊ (ಹೊಗೆಯ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ) ಕೆಣಕಬೇಡಿ. ಮನೆಗೆ ಬರುವಾಗ ಕೊನೆಯ ಎರಡು ಮೈಲಿ ಮೆಲ್ಲಗೆ ಬನ್ನಿ, ಕಾರು ನಿಲ್ಲಿಸಿ, ಆಫ್ ಮಾಡದೆ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲು ಬಿಡಿ. ಹಳೆಯ ಮಾದರಿಗಳಲ್ಲಿ ಗ್ಯಾರೆಟ್ ಕಂಪನಿಯ ಟರ್ಬೊ ತಣಿಯುವುದು ಆಯಿಲಿನಿಂದಷ್ಟೇ. ಕಾದಿರುವಾಗಲೇ ಆಫ್ ಮಾಡಿದರೆ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಇದ್ದಿಲಾಗುತ್ತದೆ.

ಇಷ್ಟೆಲ್ಲ ಪ್ರೀತಿ ಪೆಟ್ರೋಲ್ ಟ್ಯಾಂಕಿನ ವಿಷಯಕ್ಕೆ ಬಂದಾಗ ಆರಿಹೋಗುತ್ತದೆ. ಎಂಜಿನ್ನಿನ ಎರಡೂ ಪಕ್ಕ ಒಂದೊಂದು ಟ್ಯಾಂಕ್, ನಡುವೆ ಎರಡನ್ನೂ ಸೇರಿಸುವ ಪೈಪು. ಟ್ಯಾಂಕ್ ಮಾಮೂಲಿ ಉಕ್ಕಿನದು, ಅದರ ಕೆಳಗೆ ಅದುರದಿರಲೆಂದು ಇಟ್ಟ ಫೋಮ್. ಮಳೆನೀರು ಒಳಗಿಳಿದರೆ ಆ ಫೋಮ್ ಹೀರಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ತಳ ಹೊರಗಿನಿಂದ ತುಕ್ಕು ಹಿಡಿದು ಸೂಜಿತೂತು ಬೀಳುತ್ತದೆ. ಮೇಲಿಂದ ನೋಡಿದರೆ ಬಣ್ಣ ಕೂಡ ಮಾಸಿರುವುದಿಲ್ಲ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಅದನ್ನು ಹಳೆಯ ಕಾರಿನ ಸಹಜ ಗುಣ ಅಂದುಕೊಳ್ಳಲೇಬೇಡಿ. ಪಕ್ಕದಲ್ಲೇ ಕೆಂಪಗೆ ಕಾಯುವ ಟರ್ಬೊ ಇದೆ.

ಬದಲಾಯಿಸುವುದಾದರೆ ಎರಡನ್ನೂ ಒಟ್ಟಿಗೇ ಬದಲಾಯಿಸಿ, ಅಲ್ಯೂಮಿನಿಯಂ ಟ್ಯಾಂಕ್ ಹಾಕಿಸಿ. ಎಂಜಿನ್ ತಣ್ಣಗಿರಬೇಕು, ಬ್ಯಾಟರಿ ಕಳಚಿರಬೇಕು, ಪೆಟ್ರೋಲ್ ಬಯಲಿನಲ್ಲೇ ಇಳಿಸಬೇಕು. ಹಳೆಯ ಫೋಮ್ ಎಸೆದು ನೀರು ಹೀರದ ರಬ್ಬರ್ ಪಟ್ಟಿ ಇಡಿ, ನೀರು ಹೊರಹೋಗುವ ತೂತು ಕಟ್ಟಿದ್ದರೆ ಬಿಡಿಸಿ. ಅದೇ ಕೈಯಲ್ಲಿ ಪೆಟ್ರೋಲ್ ಹೋಸುಗಳನ್ನೆಲ್ಲ ಎಥನಾಲ್ ತಾಳುವ ಆರ್9 ದರ್ಜೆಯದಕ್ಕೆ ಬದಲಿಸಿ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲ್ ಇ10 (ಶೇಕಡಾ 10ರವರೆಗೆ ಎಥನಾಲ್) ಆಗಿದೆ, ಹಳೆಯ ರಬ್ಬರು ಅದರಲ್ಲಿ ಬಿರಿಯುತ್ತದೆ. ಈ ಕಾರಿಗೆ ಇ5 (ಶೇಕಡಾ 5ರವರೆಗೆ) ಸೂಪರ್ ಪೆಟ್ರೋಲೇ ಸರಿ.

ಇನ್ನೊಂದು ಸಣ್ಣ ಹೋಸಿನ ಮೇಲೂ ಕಣ್ಣಿಡಿ. ಇಲ್ಲಿ ಟರ್ಬೊ ಗಾಳಿಯನ್ನು ಕಾರ್ಬುರೇಟರಿನ ಮೂಲಕವೇ ತಳ್ಳುತ್ತದೆ, ಹಾಗಾಗಿ ಪೆಟ್ರೋಲಿನ ಒತ್ತಡ ಯಾವಾಗಲೂ ಬೂಸ್ಟಿಗಿಂತ, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡಕ್ಕಿಂತ, ಮೇಲಿರಬೇಕು. ಪೆಟ್ರೋಲಿನ ಒತ್ತಡ ಹೊಂದಿಸುವ ರೆಗ್ಯುಲೇಟರಿಗೆ ಬೂಸ್ಟ್ ಎಷ್ಟೆಂದು ತಿಳಿಸುವುದು ಈ ಸಣ್ಣ ಹೋಸು. ಅದು ಸೀಳಿದರೆ ಪೂರ್ತಿ ಬೂಸ್ಟಿನಲ್ಲಿ ಪೆಟ್ರೋಲ್ ಸಾಲದೆ ಪಿಸ್ಟನ್ ಸುಡುತ್ತದೆ. ಕೆಲವೇ ಪೌಂಡಿನ ರಬ್ಬರು, ವರ್ಷಕ್ಕೊಮ್ಮೆ ಬದಲಾಯಿಸಿದರೂ ನಷ್ಟವಿಲ್ಲ.

ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸಿ ಮುಚ್ಚಿಸುವ ಟೈಮಿಂಗ್ ಬೆಲ್ಟ್ ಬದಲಿಸಬೇಕಾದದ್ದು 24,000 ಮೈಲಿ ಅಥವಾ ಎರಡು ವರ್ಷಕ್ಕೆ, ಯಾವುದು ಮೊದಲೋ ಅದಕ್ಕೆ. ಬಿಗಿತ ಅಳೆಯುವುದು ತಣ್ಣಗಿನ ಎಂಜಿನ್ನಿನಲ್ಲಿ ಮಾತ್ರ, ಯಾಕೆಂದರೆ ಎಂಜಿನ್ನಿನ ಅಲ್ಯೂಮಿನಿಯಂ ಕಾದು ಹಿಗ್ಗಿದಾಗ ಬೆಲ್ಟ್ ತಾನೇ ಬಿಗಿಯುತ್ತದೆ. 1987ರವರೆಗಿನ ಸಿಟ್ರೊಯೆನ್ ಗೇರ್‌ಬಾಕ್ಸಿನ ಕಾರುಗಳಲ್ಲಿ ಹಿಂದಿನ ಬ್ರೇಕ್ ಡಿಸ್ಕುಗಳು ಗೇರ್‌ಬಾಕ್ಸಿಗೆ ಅಂಟಿಕೊಂಡಿವೆ, ಪ್ಯಾಡ್ ಬದಲಿಸುವುದಕ್ಕೂ ತಾಳ್ಮೆ ಬೇಕು.

ಕೊಳ್ಳುವವರು ಬಣ್ಣ, ಸೀಟಿನ ಚರ್ಮಕ್ಕೆ ಮರುಳಾಗದೆ ಟ್ಯಾಂಕ್ ಮತ್ತು ಬೆಲ್ಟ್ ಬದಲಿಸಿದ ರಸೀದಿ ಕೇಳಿ. ರಸೀದಿ ಇಲ್ಲದಿದ್ದರೆ ಎರಡರ ಖರ್ಚನ್ನೂ ಬೆಲೆಯಲ್ಲಿ ಕಳೆದೇ ಮಾತಾಡಿ. ನೋಡಲು ಹೋಗುವ ದಿನ ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಅನ್ನಿ, ಹಿಂದಿನ ಮುಚ್ಚಳ ಎತ್ತಿದೊಡನೆ ಮೊದಲು ಮೂಸಿ ನೋಡಿ.