ಕೀಕ್ಯಾಪ್: ಎಬಿಎಸ್ ತಗೊಳ್ಳೋದಾ, ಪಿಬಿಟಿನಾ?

ಕೀಕ್ಯಾಪ್ ಅಂದ್ರೆ ಕೀಬೋರ್ಡಿನ ಕೀಗಳ ಮೇಲಿರುವ ಪ್ಲಾಸ್ಟಿಕ್ ಟೋಪಿ; ಎಬಿಎಸ್, ಪಿಬಿಟಿ ಅದನ್ನು ಮಾಡುವ ಎರಡು ಬಗೆಯ ಪ್ಲಾಸ್ಟಿಕ್. ನನ್ನ ಹಳೇ ಕೀಬೋರ್ಡಿನ ಸ್ಪೇಸ್‌ಬಾರ್ ನೋಡಿ. ಹೆಬ್ಬೆರಳು ಬೀಳುವ ಜಾಗ ಮಾತ್ರ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಎಷ್ಟು ಒರೆಸಿದರೂ ಹೋಗುವುದಿಲ್ಲ, ಯಾಕಂದ್ರೆ ಅದು ಕೊಳೆಯಲ್ಲ, ಸವೆತ. ಎಬಿಎಸ್ ಬೇಗ ನುಣುಪಾಗುತ್ತದೆ, ಬಿಸಿಲಿಗೆ ಹಳದಿಯೂ ಆಗುತ್ತದೆ. ಪಿಬಿಟಿ ಗಟ್ಟಿ, ಅದರ ತರಿತರಿ ಮೈ ಬಹಳ ಕಾಲ ಉಳಿಯುತ್ತದೆ. ದಿನವಿಡೀ ಟೈಪ್ ಮಾಡುವವರಿಗೆ, ಬೆರಳು ಬೆವರುವವರಿಗೆ ನಾನು ಹೇಳುವುದು ಪಿಬಿಟಿಯನ್ನೇ.

ಹಾಗಂತ ಎಬಿಎಸ್ ಕಳಪೆ ಅಲ್ಲ. ಅದರಲ್ಲಿ ಬಣ್ಣ ಗಾಢವಾಗಿ ಬರುತ್ತದೆ, ಆಕಾರ ನೇರವಾಗಿರುತ್ತದೆ. ಜರ್ಮನಿಯ ಕೀಕ್ಯಾಪ್ ಕಂಪನಿ ಜಿಎಂಕೆ ಹೆಸರು ಮಾಡಿದ್ದೇ ಎಬಿಎಸ್ ಡಬಲ್‌ಶಾಟ್ ಸೆಟ್‌ಗಳಿಂದ. ಡಬಲ್‌ಶಾಟ್‌ನಲ್ಲಿ ಅಕ್ಷರವೇ ಬೇರೆ ಬಣ್ಣದ ಪ್ಲಾಸ್ಟಿಕ್, ಹಾಗಾಗಿ ಅಳಿಸುವ ಮಾತೇ ಇಲ್ಲ. ಡೈ-ಸಬ್ ಅನ್ನೋ ಅಕ್ಷರ ಮುದ್ರಣದಲ್ಲಿ ಬಿಸಿಗೆ ಬಣ್ಣ ಪ್ಲಾಸ್ಟಿಕ್‌ನ ಒಳಗಿಳಿಯುತ್ತದೆ. ಆ ಬಿಸಿಯನ್ನು ಪಿಬಿಟಿ ಚೆನ್ನಾಗಿ ತಡೆದುಕೊಳ್ಳುತ್ತದೆ.

ಪಿಬಿಟಿಯ ತೊಂದರೆ ಒಂದೇ: ಅಚ್ಚು ಹೊಯ್ದು ತಣ್ಣಗಾಗುವಾಗ ಜಾಸ್ತಿ ಕುಗ್ಗುತ್ತದೆ. ಉದ್ದದ ಸ್ಪೇಸ್‌ಬಾರ್ ಬಾಗುವುದು ಅದಕ್ಕೇ. ಬಂದ ಕೂಡಲೇ ಗಾಜಿನ ಮೇಲಿಟ್ಟು ನೋಡಿ, ಅಲುಗಾಡಿದರೆ ವಾಪಸ್ ಕೊಡಿ.

ಶಬ್ದಕ್ಕಾಗಿ ಸುಮ್ನೆ ಪ್ಲಾಸ್ಟಿಕ್‌ನ ಹೆಸರು ನೋಡಬೇಡಿ, ದಪ್ಪ ನೋಡಿ. ಸುಮಾರು 1.5 ಮಿ.ಮೀ. ದಪ್ಪದ ಗೋಡೆ ಕೀಕ್ಯಾಪಿಗೆ ಇದ್ದರೆ, ಎಬಿಎಸ್ ಆಗಲಿ ಪಿಬಿಟಿ ಆಗಲಿ, ತೆಳ್ಳಗಿನದ್ದಕ್ಕಿಂತ ಗಂಭೀರವಾಗಿ ಕೇಳಿಸುತ್ತದೆ.