ಎಸ್‌ಡಿಕೆಮ್ಯಾನ್: ಜಾವಾ 8 ಬಿಡಲಾಗದವರ ಕಡೆಯಿಂದ ಒಂದು ವಿಮರ್ಶೆ

ಕಲಬುರಗಿಯ ನೆಹರು ಗಂಜ್‌ನ ಕೆಲವು ಅಡತ್ ಅಂಗಡಿಗಳಿಗೂ ಊರ ಹೊರಗಿನ ಮೂರ್ನಾಲ್ಕು ದಾಲ್ ಮಿಲ್‌ಗಳಿಗೂ ನಾನು ಲೆಕ್ಕಪತ್ರದ ತಂತ್ರಾಂಶ ಬರೆದುಕೊಟ್ಟು, ಅದನ್ನು ಇಂದಿಗೂ ನೋಡಿಕೊಳ್ಳುತ್ತಿದ್ದೇನೆ. ತೊಗರಿಯ ಗಾಡಿ ವೇಬ್ರಿಡ್ಜ್ ಮೇಲೆ ನಿಂತಾಗ ಸೀರಿಯಲ್ ಪೋರ್ಟ್‌ನಿಂದ ತೂಕವನ್ನು ಓದುವುದು, ರೈತರ ಹೆಸರಿಗೆ ತೂಕದ ಚೀಟಿ ಮುದ್ರಿಸುವುದು, ಸಂಜೆ ಟ್ಯಾಲಿಗೆ ಸೇರಿಸಲು ಎಕ್ಸ್‌ಎಂಎಲ್ ಕಡತ ತಯಾರಿಸುವುದು ಅದರ ಕೆಲಸ. ಇದನ್ನು ಬರೆದದ್ದು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜಾವಾ 8ರಲ್ಲಿ, ಅಂದರೆ 2014ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ. ಹೊಸ ಗಿರಾಕಿಗಳಿಗೆ ಈಗ ಜಾವಾ 17 ಮತ್ತು 21ರಲ್ಲಿ ಬರೆಯುತ್ತೇನೆ. ಆದುದರಿಂದ ಒಂದೇ ಕಂಪ್ಯೂಟರಿನಲ್ಲಿ ಮೂರು ಕಾಲದ ಡೆವಲಪ್‌ಮೆಂಟ್ ಕಿಟ್‌ಗಳನ್ನು (ಜಾವಾ ಕಾರ್ಯಕ್ರಮ ಕಟ್ಟಲು, ಓಡಿಸಲು ಬೇಕಾದ ಸಾಧನಗಳ ಕಟ್ಟು) ಒಂದಕ್ಕೊಂದು ತಾಗದಂತೆ ಇಟ್ಟುಕೊಳ್ಳುವುದು ನನಗೆ ದಿನನಿತ್ಯದ ಅಗತ್ಯ. ಆ ಕೆಲಸಕ್ಕೆ ನಾನು ಹಲವು ವರ್ಷಗಳಿಂದ ಬಳಸುತ್ತಿರುವ ಸಾಧನ ಎಸ್‌ಡಿಕೆಮ್ಯಾನ್. ಅದರ ಬಗ್ಗೆ ಬಳಕೆದಾರನಾಗಿ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದರ ಅಗತ್ಯ ಎಷ್ಟೆಂಬುದು ನನಗೆ ಮನದಟ್ಟಾದದ್ದು ತೊಗರಿ ಹಂಗಾಮಿನ ಒಂದು ಬೆಳಿಗ್ಗೆ. ಮಿಲ್‌ನ ಮುನೀಮರು ಫೋನ್ ಮಾಡಿ, "ಸರ, ನಿನ್ನಿ ತನಕ ಛಲೋ ಇತ್ರಿ, ಇವತ್ತ ಚಾಲೂನೇ ಆಗವಲ್ದು. ಅಂಗಳದಾಗ ಗಾಡಿ ನಿಂತಾವ್ರಿ" ಎಂದರು. ಹೋಗಿ ನೋಡಿದರೆ ಕಪ್ಪು ಕಿಟಕಿಯೊಂದು ಕ್ಷಣ ಮಾತ್ರ ಕಾಣಿಸಿಕೊಂಡು ಮುಚ್ಚಿಹೋಗುತ್ತಿತ್ತು. ಲಾಗ್ ಕಡತದ ಕೊನೆಯ ಸಾಲಿನಲ್ಲಿ, ಜಾವಾಎಕ್ಸ್ ಎಕ್ಸ್‌ಎಂಎಲ್ ಬೈಂಡ್ ಎಂಬ ಪ್ಯಾಕೇಜಿನ ಕ್ಲಾಸ್ ಸಿಗಲಿಲ್ಲವೆಂಬ ದೂರು ಇತ್ತು. ಹಿಂದಿನ ದಿನ ಬೇರೊಬ್ಬ ತಂತ್ರಜ್ಞರು ತಮ್ಮ ಕಾರ್ಯಕ್ರಮಕ್ಕಾಗಿ ಜಾವಾ 17 ಹಾಕಿ ಅದನ್ನೇ ಪಾತ್‌ನಲ್ಲಿ, ಅಂದರೆ ಕಂಪ್ಯೂಟರ್ ಕಾರ್ಯಕ್ರಮಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಮುಂದಕ್ಕೆ ಇಟ್ಟಿದ್ದರು. ನಮ್ಮ ತಂತ್ರಾಂಶ ಎಕ್ಸ್‌ಎಂಎಲ್ ತಯಾರಿಸಲು ನೆಚ್ಚಿಕೊಂಡಿದ್ದ, ಆ ಪ್ಯಾಕೇಜ್ ಸೇರಿದ್ದ ಜಾಕ್ಸ್‌ಬಿ ಎಂಬ ಲೈಬ್ರರಿ, 2018ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 11ರಲ್ಲೇ ಕಿಟ್‌ನಿಂದ ಹೊರಹೋಗಿತ್ತು. ಅದನ್ನು ಪ್ರತ್ಯೇಕ ಲೈಬ್ರರಿಯಾಗಿ ಸೇರಿಸಿ ಕೋಡ್ ಸರಿಪಡಿಸಲು ಸಾಧ್ಯವಿದೆ. ಆದರೆ ತೂಕ ಓದುವ ಹಳೆಯ ಲೈಬ್ರರಿಯನ್ನೂ ಜೊತೆಯಲ್ಲೇ ಪರೀಕ್ಷಿಸಬೇಕಾಗುತ್ತದೆ, ಮತ್ತು ಗಾಡಿಗಳು ಸಾಲುಗಟ್ಟಿ ನಿಂತಿರುವಾಗ ಮಾಡುವ ಕೆಲಸ ಅದಲ್ಲ. ಹಾಗೆಂದು ಜಾವಾ 17 ತೆಗೆದುಹಾಕಿದರೆ ಆ ಇನ್ನೊಂದು ಕಾರ್ಯಕ್ರಮ ನಿಲ್ಲುತ್ತಿತ್ತು. ಎರಡೂ ಉಳಿಯಬೇಕು, ಯಾವುದಕ್ಕೆ ಯಾವುದು ಬೇಕೋ ಅದೇ ಸಿಗಬೇಕು ಎಂಬುದೇ ಅಲ್ಲಿನ ಸಮಸ್ಯೆಯಾಗಿತ್ತು.

ಎಸ್‌ಡಿಕೆಮ್ಯಾನ್ ಅನ್ನು ಮಾರ್ಕೊ ವರ್ಮ್ಯೂಲೆನ್ ಅವರು ಮೊದಲು ಗ್ರೂವಿ ಭಾಷೆಯ ಆವೃತ್ತಿಗಳಿಗಾಗಿ ಜಿವಿಎಂ ಎಂಬ ಹೆಸರಿನಲ್ಲಿ ಆರಂಭಿಸಿದರು. ಈಗ ಅದು ಜಾವಾ, ಕೋಟ್ಲಿನ್, ಸ್ಕಾಲಾ, ಮೇವನ್, ಗ್ರೇಡಲ್ ಮುಂತಾದ ಹಲವು ಸಾಧನಗಳನ್ನು ನೋಡಿಕೊಳ್ಳುತ್ತದೆ. ಇದು ಮುಕ್ತ ತಂತ್ರಾಂಶ, ಉಚಿತ. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಒಂದೇ ಸಾಲಿನ ಆಜ್ಞೆಯಿಂದ ಬಂದು ಕೂರುತ್ತದೆ. ಕರ್ಲ್, ಜಿಪ್, ಅನ್‌ಜಿಪ್ ಮೊದಲೇ ಇದ್ದರೆ ಸಾಕು. ಎಲ್ಲವೂ ಬಳಕೆದಾರರ ಹೋಮ್ ಫೋಲ್ಡರಿನ ಒಳಗೇ ಇರುವುದರಿಂದ ಆಡಳಿತಗಾರರ ಪಾಸ್‌ವರ್ಡ್ ಬೇಕಾಗುವುದಿಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ ಸುಡೊ (ಆಡಳಿತಗಾರರ) ಅನುಮತಿ ಇಲ್ಲದೆ ಒದ್ದಾಡುವ ವಿದ್ಯಾರ್ಥಿಗಳಿಗೆ ನಾನು ಇದನ್ನೇ ಸೂಚಿಸುವುದಕ್ಕೆ ಮುಖ್ಯ ಕಾರಣ ಇದು.

"ಎಸ್‌ಡಿಕೆ ಲಿಸ್ಟ್ ಜಾವಾ" ಎಂದು ಟೈಪ್ ಮಾಡಿದರೆ ಉದ್ದನೆಯ ಕೋಷ್ಟಕ ತೆರೆದುಕೊಳ್ಳುತ್ತದೆ. ಮೊದಲ ಬಾರಿ ನೋಡುವವರು ಗಾಬರಿಯಾಗುವುದು ಇಲ್ಲಿಯೇ, ಏಕೆಂದರೆ ಒಂದೇ ಜಾವಾ 8 ಅನ್ನು ನಾಲ್ಕಾರು ಸಂಸ್ಥೆಗಳು ತಮ್ಮ ತಮ್ಮ ಹೆಸರಿನಲ್ಲಿ ಕಟ್ಟಿ ಕೊಡುತ್ತವೆ. ಆವೃತ್ತಿಯ ಸಂಖ್ಯೆಯ ಕೊನೆಯಲ್ಲಿ ಟಿಇಎಂ ಎಂದಿದ್ದರೆ ಎಕ್ಲಿಪ್ಸ್ ಟೆಮುರಿನ್, ಎಎಂಜೆಡ್‌ಎನ್ ಎಂದಿದ್ದರೆ ಅಮೆಜಾನ್ ಕೊರೆಟ್ಟೊ, ಜುಲು ಎಂದಿದ್ದರೆ ಅಜುಲ್ ಸಂಸ್ಥೆಯದು. ಎಲ್ಲದರ ಮೂಲ ಓಪನ್‌ಜೆಡಿಕೆ ಎಂಬ ಮುಕ್ತ ಜಾವಾ ಯೋಜನೆಯೇ ಆದುದರಿಂದ ನನ್ನಂಥವರ ಕೆಲಸಕ್ಕೆ ಯಾವುದನ್ನು ಆರಿಸಿದರೂ ನಡೆಯುತ್ತದೆ. ನಾನು ಟೆಮುರಿನ್ ಹಿಡಿದುಕೊಂಡಿದ್ದೇನೆ. ವ್ಯಾಪಾರದ ಜಾಗದಲ್ಲಿ ಹಾಕುವವರು ಒಂದು ವಿಷಯ ನೆನಪಿಡಬೇಕು: ಒರಾಕಲ್ ತನ್ನ ಜಾವಾ 8ರ ಪರವಾನಗಿಯನ್ನು 2019ರ ಏಪ್ರಿಲ್‌ನ ಅಪ್‌ಡೇಟ್‌ನಿಂದ ಬದಲಿಸಿದೆ, ಆ ನಂತರದ ಅಪ್‌ಡೇಟ್‌ಗಳನ್ನು ವಾಣಿಜ್ಯ ಬಳಕೆಗೆ ಹಣ ಕೊಡದೆ ಹಾಕುವಂತಿಲ್ಲ. ಟೆಮುರಿನ್‌ಗೆ ಆ ನಿರ್ಬಂಧವಿಲ್ಲ.

ಇನ್ನೊಂದು ಸಣ್ಣ ಗೊಂದಲವನ್ನೂ ಹೇಳಬೇಕು. ಕೋಷ್ಟಕದಲ್ಲಿ 8.0.392 ಎಂದು ಕಾಣುವ ಆವೃತ್ತಿಯನ್ನು ಹಾಕಿ "ಜಾವಾ ವರ್ಷನ್" ಕೇಳಿದರೆ ಉತ್ತರ 1.8.0_392 ಎಂದು ಬರುತ್ತದೆ. ಎರಡೂ ಒಂದೇ. ಜಾವಾ 9ರಿಂದ ಮುಂದೆ ಎಣಿಕೆಯ ಕ್ರಮ ಬದಲಾದದ್ದರಿಂದ ಹೀಗಾಗಿದೆ. ತಪ್ಪು ಆವೃತ್ತಿ ಬಂದಿದೆಯೆಂದು ತೆಗೆದು ಮತ್ತೆ ಹಾಕಿ ಅರ್ಧ ದಿನ ಕಳೆದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ.

ಈ ಸಾಧನದ ನಿಜವಾದ ಬೆಲೆ ತಿಳಿಯುವುದು ಕಿಟ್ ಹಾಕಿದ ನಂತರ. ಕರೆಂಟ್ ಎಂಬ ಹೆಸರಿನ ಒಂದು ಸಿಂಬಾಲಿಕ್ ಲಿಂಕ್ ಅನ್ನು, ಅಂದರೆ ಬೇರೆ ಫೋಲ್ಡರಿಗೆ ದಾರಿ ತೋರುವ ಕೊಂಡಿಯನ್ನು, ಇಟ್ಟುಕೊಂಡು, "ಎಸ್‌ಡಿಕೆ ಡಿಫಾಲ್ಟ್" ಎಂದಾಗ ಅದನ್ನು ಬೇಕಾದ ಆವೃತ್ತಿಯ ಫೋಲ್ಡರಿನತ್ತ ತಿರುಗಿಸುತ್ತದೆ. "ಎಸ್‌ಡಿಕೆ ಯೂಸ್" ಎಂದರೆ ಬದಲಾವಣೆ ಆ ಒಂದು ಟರ್ಮಿನಲ್‌ಗೆ ಮಾತ್ರ ಸೀಮಿತ. ಪ್ರತಿ ಪ್ರಾಜೆಕ್ಟಿನ ಫೋಲ್ಡರಿನಲ್ಲಿ "ಎಸ್‌ಡಿಕೆ ಎನ್ವ್ ಇನಿಟ್" ಓಡಿಸಿದರೆ ಎಸ್‌ಡಿಕೆಮ್ಯಾನ್‌ಆರ್‌ಸಿ ಎಂಬ ಪುಟ್ಟ ಕಡತ ಹುಟ್ಟುತ್ತದೆ. ಈ ಪ್ರಾಜೆಕ್ಟಿಗೆ ಯಾವ ಜಾವಾ ಬೇಕೆಂಬುದು ಅದರಲ್ಲಿ ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಸೆಟ್ಟಿಂಗ್‌ನಲ್ಲಿ ಆಟೊ ಎನ್ವ್ ಅನ್ನು ಟ್ರೂ ಮಾಡಿಟ್ಟರೆ, ಮಿಲ್‌ನ ಪ್ರಾಜೆಕ್ಟಿಗೆ ಕಾಲಿಟ್ಟ ತಕ್ಷಣ ಜಾವಾ 8 ಸಿದ್ಧವಾಗಿರುತ್ತದೆ, ಹೊರಗೆ ಬಂದರೆ ಮಾಮೂಲಿನ ಆವೃತ್ತಿಗೆ ಮರಳುತ್ತದೆ. ಆ ಸಾಲು ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಧನ) ಕೋಡಿನ ಜೊತೆಗೇ ಉಳಿಯುವುದರಿಂದ, ನಾನಿಲ್ಲದಾಗ ಕೆಲಸ ನೋಡುವ ಹುಡುಗನಿಗೆ ಫೋನಿನಲ್ಲಿ ವಿವರಿಸುವ ಪ್ರಸಂಗ ಈಗ ಬರುವುದಿಲ್ಲ.

ಕೋಡನ್ನು ಕಟ್ಟಿ ತಯಾರಿಸುವ ಸಾಧನವಾದ ಗ್ರೇಡಲ್‌ಗೂ ಇದೇ ರೀತಿ ಆವೃತ್ತಿ ನಿಗದಿ ಮಾಡಬಹುದು, ಹಳೆಯ ಪ್ರಾಜೆಕ್ಟಿಗೆ ಅದು ಅನಿವಾರ್ಯವೂ ಹೌದು. ಜಾವಾ 17ರ ಮೇಲೆ ಓಡಲು ಗ್ರೇಡಲ್ 7.3 ಅಥವಾ ಅದರ ಮುಂದಿನದು ಬೇಕು. ಹಳೆಯ ಗ್ರೇಡಲ್ ಕೆಳಗೆ ಹೊಸ ಜಾವಾ ಇಟ್ಟರೆ "ಮೇಜರ್ ವರ್ಷನ್ 61" ಎಂಬ ದೋಷ ಬರುತ್ತದೆ. 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17, 65 ಎಂದರೆ 21 ಎಂಬ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿಕೊಂಡರೆ ಬಹಳ ಸಮಯ ಉಳಿಯುತ್ತದೆ.

ಇನ್ನು ನನ್ನ ಮುಖ್ಯ ಆಕ್ಷೇಪಣೆಗೆ ಬರುತ್ತೇನೆ. ಹಳೆಯ ಆವೃತ್ತಿ ಬೇರೆ, ಹಳೆಯ ಅಪ್‌ಡೇಟ್ ಬೇರೆ. ಜಾವಾ 8 ಹಳೆಯದಾದರೂ ಅದಕ್ಕೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಭದ್ರತಾ ಅಪ್‌ಡೇಟ್‌ಗಳು ಬರುತ್ತಲೇ ಇವೆ. ಎಸ್‌ಡಿಕೆಮ್ಯಾನ್ ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುತ್ತದೆ, ಆದರೆ ಅವುಗಳ ಹಳೆಯ ಅಪ್‌ಡೇಟ್‌ಗಳನ್ನು ಕಾಲಕ್ರಮೇಣ ಪಟ್ಟಿಯಿಂದ ತೆಗೆದುಹಾಕುತ್ತದೆ. ಎರಡು ವರ್ಷದ ಹಿಂದೆ ಬರೆದಿಟ್ಟ ಎಸ್‌ಡಿಕೆಮ್ಯಾನ್‌ಆರ್‌ಸಿ ಕಡತವನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸಿದರೆ, ಆ ಆವೃತ್ತಿ ಲಭ್ಯವಿಲ್ಲವೆಂದು ಅದು ನಿಂತುಬಿಡಬಹುದು. ದೋಷವಿರುವ ಕಿಟ್ ಅನ್ನು ಹೊಸಬರ ಕೈಗೆ ಕೊಡಬಾರದೆಂಬುದು ಸರಿಯಾದ ಧೋರಣೆಯೇ. ಆದರೂ, ಹಳೆಯದನ್ನು ಕಾಪಾಡುವ ಹೊಣೆಯಿರುವವರಿಗೆ ನಿಖರವಾಗಿ ಅದೇ ಅಪ್‌ಡೇಟ್ ಬೇಕಾಗುವ ಸಂದರ್ಭಗಳು ಇರುತ್ತವೆ.

ನನಗೆ ಅಂಥ ಸಂದರ್ಭ ಬಂದದ್ದು ಹೀಗೆ. ಒಂದು ಅಂಗಡಿಯ ತಂತ್ರಾಂಶ ಪ್ರತಿ ಸಂಜೆ ಹೊರಗಿನ ಸಂಸ್ಥೆಯೊಂದರ ಹಳೆಯ ಸರ್ವರ್‌ಗೆ ವರದಿ ಕಳುಹಿಸುತ್ತಿತ್ತು. ಜಾವಾ 8ರ ಅಪ್‌ಡೇಟ್ ಹಾಕಿದ ದಿನವೇ ವರದಿ ಹೋಗುವುದು ನಿಂತಿತು. ಹ್ಯಾಂಡ್‌ಶೇಕ್ (ಸಂಪರ್ಕದ ಆರಂಭದಲ್ಲಿ ಎರಡೂ ಕಡೆಯವರ ಒಪ್ಪಂದ) ವಿಫಲವಾಗಿದೆ ಎಂಬ ಸಂದೇಶ ಮಾತ್ರ ಉಳಿಯಿತು. 2021ರ ಏಪ್ರಿಲ್ ಅಪ್‌ಡೇಟ್‌ನಿಂದ ಜಾವಾ 8ರಲ್ಲಿಯೂ ಸುರಕ್ಷಿತ ಸಂಪರ್ಕದ ಹಳೆಯ ವಿಧಾನಗಳಾದ ಟಿಎಲ್‌ಎಸ್ 1.0 ಮತ್ತು 1.1 ತಾವಾಗಿಯೇ ಮುಚ್ಚಿರುತ್ತವೆಯೆಂದು ಗೊತ್ತಿತ್ತು, ಆದರೆ ತೊಂದರೆ ಅದರಿಂದಲೇ ಎಂದು ಸರ್ವರ್‌ನವರಿಗೆ ತೋರಿಸಿಕೊಡಬೇಕಾಗಿತ್ತು. ಎಸ್‌ಡಿಕೆಮ್ಯಾನ್ ಪಟ್ಟಿಯಲ್ಲಿ ಅಷ್ಟು ಹಿಂದಿನದು ಇರಲಿಲ್ಲ. ಟೆಮುರಿನ್‌ಗೆ ಮೊದಲಿನ ಯೋಜನೆಯಾದ ಅಡಾಪ್ಟ್‌ಓಪನ್‌ಜೆಡಿಕೆಯ ಹಳೆಯ ಸಂಗ್ರಹದಿಂದ 2021ರ ಜನವರಿಯ ಅಪ್‌ಡೇಟ್ 282 ಅನ್ನು ಇಳಿಸಿಕೊಂಡು, "ಎಸ್‌ಡಿಕೆ ಇನ್‌ಸ್ಟಾಲ್ ಜಾವಾ" ಎಂಬ ಆಜ್ಞೆಗೆ ನನ್ನದೇ ಒಂದು ಹೆಸರನ್ನೂ ಆ ಫೋಲ್ಡರಿನ ದಾರಿಯನ್ನೂ ಕೊಟ್ಟಾಗ, ಅದು ಆ ಕಿಟ್ ಅನ್ನು ಸ್ಥಳೀಯ ಆವೃತ್ತಿಯೆಂದು ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿತು. ಎರಡು ಟರ್ಮಿನಲ್‌ಗಳನ್ನು ಅಕ್ಕಪಕ್ಕ ತೆರೆದು, ಎಡಗಡೆ ಅಪ್‌ಡೇಟ್ 282, ಬಲಗಡೆ ಹೊಸದು ಇಟ್ಟು ಒಂದೇ ವರದಿಯನ್ನು ಕಳುಹಿಸಿದೆ. ಎಡಗಡೆಯದು ಹೋಯಿತು, ಬಲಗಡೆಯದು ಹೋಗಲಿಲ್ಲ. ಆ ಪರದೆಯ ಚಿತ್ರ ಕಳುಹಿಸಿದ ಮೇಲೆ ಅವರು ಟಿಎಲ್‌ಎಸ್ 1.2 ತೆರೆದುಕೊಟ್ಟರು. ಮುಚ್ಚಿದ್ದನ್ನು ನಮ್ಮ ಕಡೆ ಜಾವಾ ಸೆಕ್ಯುರಿಟಿ ಕಡತದಲ್ಲಿ ತೆರೆಯಬಹುದಿತ್ತು. ವ್ಯಾಪಾರಸ್ಥರ ಲೆಕ್ಕ ಹೋಗುವ ದಾರಿಯಾದ್ದರಿಂದ ನಾನು ಅದಕ್ಕೆ ಕೈಹಾಕಲಿಲ್ಲ.

ಸ್ಥಳೀಯವಾಗಿ ಸೇರಿಸಿದಾಗ ಎಸ್‌ಡಿಕೆಮ್ಯಾನ್ ಕಿಟ್‌ನ ನಕಲು ಮಾಡುವುದಿಲ್ಲ, ಲಿಂಕ್ ಮಾತ್ರ ಇಡುತ್ತದೆ; ಮೂಲ ಫೋಲ್ಡರ್ ಅಳಿಸಿದರೆ ಕಿಟ್ಟೂ ಹೋಗುತ್ತದೆ. ಹೀಗಾಗಿ, ಗಿರಾಕಿಗಳ ಬಳಿ ಓಡುತ್ತಿರುವ ಪ್ರತಿ ಅಪ್‌ಡೇಟ್‌ನ ಮೂಲ ಕಡತವನ್ನು ಈಗ ನಾನೇ ಒಂದು ಹಾರ್ಡ್ ಡಿಸ್ಕ್‌ನಲ್ಲಿ ಜೋಪಾನ ಮಾಡುತ್ತೇನೆ. ಎಸ್‌ಡಿಕೆಮ್ಯಾನ್ ಪಟ್ಟಿಯನ್ನು ನಂಬಿ ಈ ಕೆಲಸ ಬಿಡಬೇಡಿ.

ವಿಂಡೋಸ್ ಬಳಕೆದಾರರಿಗೆ ಇದು ಅಷ್ಟು ಸಲೀಸಲ್ಲ. ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ), ಗಿಟ್ ಬ್ಯಾಷ್‌ನಂಥ ಪರಿಸರಗಳ ಒಳಗೆ ಮಾತ್ರ ಓಡುತ್ತದೆ. ಮಿಲ್‌ಗಳ ಕಂಪ್ಯೂಟರ್‌ಗಳೆಲ್ಲ ವಿಂಡೋಸ್ ಆದುದರಿಂದ ಅಲ್ಲಿ ನಾನು ಎಸ್‌ಡಿಕೆಮ್ಯಾನ್ ಹಾಕುವುದೇ ಇಲ್ಲ. ಟೆಮುರಿನ್ 8ರ ಜಿಪ್ ಕಡತವನ್ನು ತಂತ್ರಾಂಶದ ಫೋಲ್ಡರಿನೊಳಗೇ ಬಿಚ್ಚಿ, ಬ್ಯಾಚ್ ಕಡತದಲ್ಲಿ ಆ ಜಾವಾದ ಪೂರ್ತಿ ದಾರಿಯನ್ನು ಬರೆದಿಡುತ್ತೇನೆ. ಆ ಬೆಳಿಗ್ಗೆ ಮಾಡಿದ ಪರಿಹಾರವೂ ಇದೇ. ಗಾಡಿಗಳು ಅರ್ಧ ಗಂಟೆಯಲ್ಲಿ ಮುಂದೆ ಸಾಗಿದವು, ಪಾತ್‌ನಲ್ಲಿ ಈಗ ಯಾರು ಏನು ಬದಲಿಸಿದರೂ ನಮ್ಮದಕ್ಕೆ ತಟ್ಟುವುದಿಲ್ಲ. ಹೀಗೆ ಮಾಡುವವರು ತೂಕ ಓದುವ ಲೈಬ್ರರಿಯ ಡಿಎಲ್‌ಎಲ್ ಕಡತ 32 ಬಿಟ್ ಆಗಿದ್ದರೆ ಜಾವಾ ಕೂಡ 32 ಬಿಟ್‌ನದೇ ಬೇಕೆಂಬುದನ್ನು ಮರೆಯಬಾರದು.

ಕನ್ನಡಿಗರಿಗೆ ವಿಶೇಷವಾಗಿ ತಟ್ಟುವ ವಿಷಯವೊಂದಿದೆ. ಜಾವಾ 18ರಿಂದ ಎಲ್ಲ ಕಡೆಯೂ ಯುಟಿಎಫ್-8 ಮೂಲ ಅಕ್ಷರ ಸಂಕೇತವಾಗಿದೆ. ಅದಕ್ಕೆ ಹಿಂದಿನ ಜಾವಾ 8 ಆದರೋ ಆಪರೇಟಿಂಗ್ ಸಿಸ್ಟಮ್ ಹೇಳಿದ್ದನ್ನು ಕೇಳುತ್ತದೆ. ಉಬುಂಟುವಿನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8 ಆದುದರಿಂದ ನನ್ನ ಮೇಜಿನ ಮೇಲೆ ರೈತರ ಹೆಸರುಗಳು ಚೆನ್ನಾಗಿಯೇ ಕಂಡವು. ಮಿಲ್‌ನ ವಿಂಡೋಸ್‌ನಲ್ಲಿ ಅದೇ ಕಾರ್ಯಕ್ರಮ ಬರೆದ ಕಡತದಲ್ಲಿ ಹೆಸರಿನ ಪ್ರತಿ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ನಿಂತಿತ್ತು. ಫೈಲ್ ಎನ್‌ಕೋಡಿಂಗ್ ಅನ್ನು ಬ್ಯಾಚ್ ಕಡತದಲ್ಲೇ ಯುಟಿಎಫ್-8 ಎಂದು ಸೂಚಿಸಿದ ಮೇಲೆ ಸರಿಯಾಯಿತು. ಅಂದರೆ, ಎಸ್‌ಡಿಕೆಮ್ಯಾನ್ ನೆರವಿನಿಂದ ಆವೃತ್ತಿಯೊಂದನ್ನು ಹೊಂದಿಸಿಕೊಂಡ ಮಾತ್ರಕ್ಕೆ ಗಿರಾಕಿಯ ಪರಿಸರ ನಮ್ಮಲ್ಲಿಗೆ ಬಂದಂತಾಗುವುದಿಲ್ಲ.

ಎಡಿಟರ್ ಬಗ್ಗೆಯೂ ಒಂದು ಮಾತು. ಎಸ್‌ಡಿಕೆಮ್ಯಾನ್ ತನ್ನ ಸಾಲುಗಳನ್ನು ಟರ್ಮಿನಲ್ ತೆರೆದಾಗ ಓದಲಾಗುವ ಬ್ಯಾಷ್‌ಆರ್‌ಸಿ ಕಡತದ ಕೊನೆಯಲ್ಲಿ ಬರೆಯುತ್ತದೆ. ಡೆಸ್ಕ್‌ಟಾಪ್ ಐಕಾನ್ ಒತ್ತಿ ತೆರೆದ ಎಡಿಟರ್‌ಗೂ ಕ್ರಾನ್‌ನಿಂದ (ನಿಗದಿತ ವೇಳೆಗೆ ಕೆಲಸ ಆರಂಭಿಸುವ ಸಾಧನ) ಓಡುವ ಕೆಲಸಕ್ಕೂ ಆ ಸಾಲುಗಳು ತಲುಪುವುದಿಲ್ಲ. ಇಂಟೆಲಿಜೆ ಎಂಬ ಎಡಿಟರ್‌ನಲ್ಲಿ ಪ್ರಾಜೆಕ್ಟ್ ಎಸ್‌ಡಿಕೆಯನ್ನು ಪ್ರತ್ಯೇಕವಾಗಿ ಆರಿಸಬೇಕು, ಕ್ರಾನ್‌ನಲ್ಲಿ ಜಾವಾದ ಪೂರ್ತಿ ದಾರಿ ಕೊಡಬೇಕು.

ಬೇರೆ ಸಾಧನಗಳನ್ನೂ ಬಳಸಿ ನೋಡಿದ್ದೇನೆ. ಉಬುಂಟುವಿನ ಅಪ್‌ಡೇಟ್ ಆಲ್ಟರ್ನೇಟಿವ್ಸ್ ಇಡೀ ಯಂತ್ರಕ್ಕೆ ಒಂದೇ ಜಾವಾ ನಿಗದಿ ಮಾಡುತ್ತದೆ, ಅದಕ್ಕೆ ಸುಡೊ ಬೇಕು. ಜೆಎನ್ವ್ ಇರುವ ಕಿಟ್‌ಗಳ ನಡುವೆ ಚೆನ್ನಾಗಿ ಬದಲಿಸುತ್ತದೆ, ಆದರೆ ಕಿಟ್ ಅನ್ನು ತಂದು ಹಾಕುವುದಿಲ್ಲ. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಎರಡಕ್ಕಿಂತ ಹೆಚ್ಚು ಆವೃತ್ತಿಗಳೊಂದಿಗೆ ಕೆಲಸ ಮಾಡುವವರಿಗೆ ನಾನು ಎಸ್‌ಡಿಕೆಮ್ಯಾನ್ ಅನ್ನೇ ಧೈರ್ಯವಾಗಿ ಸೂಚಿಸುತ್ತೇನೆ, ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಪಟ್ಟಿಯಿಂದ ಮಾಯವಾಗುವ ಅಪ್‌ಡೇಟ್‌ಗಳಿಗಾಗಿ.

ನನ್ನ ಈಗಿನ ಕ್ರಮ ಹೀಗಿದೆ. ಹೊಸ ಅಪ್‌ಡೇಟ್ ಬಂದಾಗ ಹಳೆಯದನ್ನು ತೆಗೆಯದೆ ಪಕ್ಕದಲ್ಲಿ ಹೊಸದನ್ನು ಹಾಕಿ, ಹಿಂದಿನ ಹಂಗಾಮಿನ ತೂಕದ ಚೀಟಿಗಳನ್ನೂ ಟ್ಯಾಲಿ ಕಡತವನ್ನೂ ಎರಡರಲ್ಲೂ ತಯಾರಿಸಿ ಹೋಲಿಸುತ್ತೇನೆ; ವ್ಯತ್ಯಾಸವಿಲ್ಲದಿದ್ದರೆ ಮಾತ್ರ ಎಸ್‌ಡಿಕೆಮ್ಯಾನ್‌ಆರ್‌ಸಿಯ ಸಾಲು ಬದಲಾಗುತ್ತದೆ, ಆಮೇಲೆ ಮಿಲ್‌ಗಳ ಫೋಲ್ಡರ್. ಡಿಸೆಂಬರ್‌ನಲ್ಲಿ ಗಂಜ್‌ಗೆ ಹೊಸ ತೊಗರಿ ಬರತೊಡಗುವುದರಿಂದ ಅಕ್ಟೋಬರ್ ಅಪ್‌ಡೇಟ್ ಅನ್ನು ನವೆಂಬರ್ ಒಳಗೇ ಹಾಕಿ ಮುಗಿಸುತ್ತೇನೆ. ಜನವರಿಯದನ್ನು ನನ್ನ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ಸಿದ್ಧವಾಗಿ ಇಟ್ಟುಕೊಂಡಿರುತ್ತೇನೆ; ತುರ್ತಿನ ಭದ್ರತಾ ಕಾರಣವಿಲ್ಲದಿದ್ದರೆ, ಆವಕ ಇಳಿಯುವ ಮಾರ್ಚ್ ತನಕ ಅದು ಮಿಲ್‌ಗೆ ಹೋಗುವುದಿಲ್ಲ.